ಫ್ರೆಡ್ಡಿ ಮರ್ಕ್ಯುರಿಯ ಮೂರ್ತಿ ನೋಡೋಕೆ ಮಾಂಟ್ರೊಗೆ ಹೋದದ್ದು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಗಣೇಶನ ಹಬ್ಬ ಬಂದರೆ ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ರಾಜ್‌ಕುಮಾರ್, ಎಸ್‌ಪಿಬಿ, ಜನ ಚೀಟಿ ಕಳಿಸಿದ್ದೆಲ್ಲ ಹಾಡಬೇಕು. ಫ್ರೆಡ್ಡಿ ಮರ್ಕ್ಯುರಿ ಹಾಡುತ್ತಿದ್ದ ಇಂಗ್ಲಿಷ್ ರಾಕ್ ಬ್ಯಾಂಡ್ ಕ್ವೀನ್‌ನ ಹಾಡಿಗೆ ಮಾತ್ರ ಇಲ್ಲಿ ಯಾರೂ ಚೀಟಿ ಕಳಿಸಲ್ಲ, ಅದು ನನ್ನೊಬ್ಬನ ಹುಚ್ಚು. ಅವನ ಮೂರ್ತಿ ಇರೋದು ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಲ್ಲಿ. ಅಕ್ಕನ ಮಗ ಅದೇ ದೇಶದ ಜಿನೀವಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹುಚ್ಚಿಗೆ ದಾರಿ ಸಿಕ್ಕಿತು. "ಮಾಮಾ, ಎಲ್ಲಾರೂ ಹಿಮ ನೋಡಾಕ ಬರ್ತಾರ, ನೀ ಮೂರ್ತಿ ನೋಡಾಕ ಬರ್ತೀನಿ ಅಂತೀಯಲ್ಲ" ಅಂತ ನಕ್ಕ. ಆದರೂ ಆಹ್ವಾನದ ಪತ್ರ ಕಳಿಸಿದ.

ವೀಸಾ ಬಗ್ಗೆ ಜಾಸ್ತಿ ಹೇಳಲ್ಲ. ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಹೋಗಬೇಕು, 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ನಮ್ಮಂಥ ಸ್ವಂತ ಧಂದೆಯವರು ಐಟಿ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೊದಲೇ ಸರಿಯಾಗಿ ಇಟ್ಟುಕೊಂಡರೆ ತಲೆನೋವಿಲ್ಲ. ಊಟ ಅಲ್ಲಿ ವಿಪರೀತ ದುಬಾರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ, ಬಹಳ ಉಪಯೋಗಕ್ಕೆ ಬಂತು.

ಜಿನೀವಾದಿಂದ ಮಾಂಟ್ರೊಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಬಲಗಡೆ ಕಿಟಕಿ ಹಿಡಿಯಿರಿ, ಸರೋವರ ಆ ಕಡೆಗೇ ಇದೆ. ಹೋಟೆಲ್ಲಿನಲ್ಲಿ ಉಳಿದರೆ ರಿವಿಯೇರಾ ಕಾರ್ಡ್ ಕೇಳಿ ಇಸ್ಕೊಳ್ಳಿ, ಸುತ್ತಮುತ್ತಲಿನ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಸ್ಟೇಷನ್ನಿಂದ ಇಳಿಜಾರಿನಲ್ಲಿ ನಡೆದರೆ ಮಾರ್ಕೆಟ್ ಚೌಕ. ಮೂರ್ತಿ ಇರೋದು ಅಲ್ಲೇ, ನೀರಿನ ದಂಡೆಯಲ್ಲಿ.

ಈ ಜಾಗವೇ ನನಗೆ ತುಂಬಾ ಹಿಡಿಸಿದ್ದು. ಪಕ್ಕದಲ್ಲಿ ಹಳೆಯ ಕಬ್ಬಿಣದ ಕಂಬಗಳ ಮಾರ್ಕೆಟ್ ಮಂಟಪ, ಶುಕ್ರವಾರ ಅಲ್ಲಿ ಸಂತೆ. ಸೊಪ್ಪು, ಚೀಸ್ ಕೊಂಡವರು ಚೀಲ ಹಿಡಿದುಕೊಂಡು ಫ್ರೆಡ್ಡಿಯ ಕಾಲಬುಡದಲ್ಲೇ ಹಾದು ಹೋಗುತ್ತಾರೆ, ಮಕ್ಕಳು ಅಲ್ಲೇ ಐಸ್‌ಕ್ರೀಂ ತಿನ್ನುತ್ತವೆ. ನಮ್ಮ ಕಡೆ ಮೂರ್ತಿ ಅಂದರೆ ಸರ್ಕಲ್ ನಡುವೆ ನಿಲ್ಲಿಸಿ, ಸುತ್ತ ಗ್ರಿಲ್ ಹಾಕಿ, ಗೇಟಿಗೆ ಬೀಗ ಜಡಿದು, ಜಯಂತಿ ದಿನ ಏಣಿ ತಂದು ಹಾರ ಹಾಕಿ, ಆಮೇಲೆ ವರ್ಷವಿಡೀ ಟ್ರಾಫಿಕ್ ಹೊಗೆ ಕುಡಿಸೋದು, ಅಲ್ವಾ? ಹಾಡುಗಾರನನ್ನು ಸಂತೆಯಲ್ಲೇ ನಿಲ್ಲಿಸಬೇಕು. ಜನ ಇರೋದು ಅಲ್ಲೇ ತಾನೆ.

ಫ್ರೆಡ್ಡಿ ಹುಟ್ಟಿದ್ದು 1946ರಲ್ಲಿ, ಜಂಜಿಬಾರಿನ ಪಾರ್ಸಿ ಮನೆಯಲ್ಲಿ. ನಮ್ಮೂರಿನ ರಂಗನಟ ಬಳ್ಳಾರಿ ರಾಘವ ತೀರಿಕೊಂಡದ್ದೂ ಅದೇ ವರ್ಷ, ಸುಮ್ನೆ ನೆನಪಾಯಿತು. ಫ್ರೆಡ್ಡಿ ಓದಿದ್ದು ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ನಮ್ಮೂರಿಂದ ಮಹಾಬಳೇಶ್ವರಕ್ಕೆ ಹೋದವರೆಲ್ಲ ಆ ಊರಲ್ಲಿ ಚಹಾ ಕುಡಿದಿರುತ್ತಾರೆ. 1991ರ ನವೆಂಬರ್ 24ರಂದು ಏಡ್ಸ್‌ನಿಂದ ಲಂಡನ್ನಿನಲ್ಲಿ ತೀರಿಕೊಂಡ, 45 ವರ್ಷಕ್ಕೆ. ದಹನ ಮಾಡಿದರು, ಹೋಗಿ ಕೈಮುಗಿಯೋಕೆ ಸಮಾಧಿ ಅಂತ ಇಲ್ಲ. ಮೂರ್ತಿಗೆ ಲಂಡನ್ನಿನಲ್ಲಿ ಜಾಗ ಸಿಗಲಿಲ್ಲ. ಕೊನೆಗೆ, ಕಡೆಯ ದಿನಗಳಲ್ಲಿ ಅವನು ಬಂದು ಹಾಡಿ ಹೋಗುತ್ತಿದ್ದ ಈ ಊರಲ್ಲಿ, 1996ರ ನವೆಂಬರ್ 25ರಂದು ನಿಲ್ಲಿಸಿದರು. ಮಾಡಿದವರು ಐರೆನಾ ಸೆಡ್ಲೆಕ್ಕಾ ಎಂಬ ಶಿಲ್ಪಿ.

ಕಂಚಿನ ಮೂರ್ತಿ, ಸುಮಾರು 3 ಮೀಟರ್ ಎತ್ತರ. ಮುಷ್ಟಿ ಬಿಗಿದ ಒಂದು ಕೈ ಆಕಾಶಕ್ಕೆ, ಇನ್ನೊಂದರಲ್ಲಿ ಅರ್ಧ ಮೈಕ್ ಸ್ಟ್ಯಾಂಡ್. ಶುರುವಿನ ದಿನಗಳಲ್ಲಿ ಶೋ ನಡುವೆಯೇ ಸ್ಟ್ಯಾಂಡ್ ಮುರಿಯಿತಂತೆ, ಅವನು ಅರ್ಧ ತುಂಡು ಹಿಡಿದೇ ಹಾಡಿ ಮುಗಿಸಿದ, ಆಮೇಲೆ ಅದನ್ನೇ ಖಾಯಂ ಮಾಡಿಕೊಂಡ. ನಾನು ಹೊಲಿಗೆಯವನು, ಕಣ್ಣು ಮೊದಲು ಹೋದದ್ದು ಪ್ಯಾಂಟಿಗೆ. ಒಂದು ಕಾಲು ಊರಿ ಮೈ ಎಳೆದಾಗ ಮಂಡಿಯ ಹಿಂದೆ ಬಟ್ಟೆ ಎಲ್ಲಿ ಸುಕ್ಕಾಗಬೇಕೋ ಅಲ್ಲೇ ಸುಕ್ಕಾಗಿದೆ. ಬೇಕಾದರೆ ಹಿಂದೆ ಹೋಗಿ ನೋಡಿ. ಯಾರೂ ನೋಡಲ್ಲ, ಎಲ್ಲರೂ ಮುಂದೆ ನಿಂತು ಕೈ ಎತ್ತಿ ಸೆಲ್ಫಿ ತೆಗೆಯುತ್ತಾರೆ. ಜನ ಸೇರುವ ಮುಂಚೆ, ಬೆಳಿಗ್ಗೆ ಬೇಗ ಹೋಗೋದು ಒಳ್ಳೆಯದು. ನಾನು ಹಾಗೆ ಹೋಗಿ ನನ್ನ ಪಾಡಿಗೆ ಮೆಲ್ಲಗೆ ಹಾಡಿದೆ. ನಾಯಿ ಹಿಡಿದು ವಾಕಿಂಗ್ ಬಂದಿದ್ದ ಒಬ್ಬ ಅಜ್ಜ ತಲೆಯಾಡಿಸಿ ಮುಂದೆ ಹೋದರು. ಅಲ್ಲಿ ಇದು ದಿನದ ಮಾತು ಅಂತ ಕಾಣುತ್ತೆ. ಹುಟ್ಟುಹಬ್ಬ ಸೆಪ್ಟೆಂಬರ್ 5. ಆ ವಾರ ಅಭಿಮಾನಿಗಳ ಜಾತ್ರೆ, ರೂಮು ಬೇಕಿದ್ದರೆ ಬಹಳ ಮುಂಚೆ ಹಿಡಿಯಬೇಕು.

ದಂಡೆಗುಂಟ ಸ್ವಲ್ಪ ನಡೆದರೆ ಕ್ಯಾಸಿನೊ. ಕ್ವೀನ್ 1979ರಲ್ಲಿ ಕೊಂಡುಕೊಂಡ ಮೌಂಟನ್ ಎಂಬ ರೆಕಾರ್ಡಿಂಗ್ ಸ್ಟುಡಿಯೊ ಇದ್ದದ್ದು ಅದರೊಳಗೆ. ಈಗ ಅದು ಮ್ಯೂಸಿಯಂ. ನಾನು ಹೋದಾಗ ಟಿಕೆಟ್ ಇರಲಿಲ್ಲ, ಇಷ್ಟವಿದ್ದರೆ ಏಡ್ಸ್ ಟ್ರಸ್ಟಿಗೆ ಕಾಣಿಕೆ ಹಾಕಬಹುದು. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಬಾಗಿಲ ಗೋಡೆ ತುಂಬಾ ಅಭಿಮಾನಿಗಳು ಗೀಚಿದ್ದಾರೆ. ಒಳಗೆ ಒಂದು ಸೌಂಡ್ ಮಿಕ್ಸರ್ ಇದೆ, ಒಂದೊಂದು ವಾದ್ಯದ ಸದ್ದು ಏರಿಸಿ ಇಳಿಸೋ ಫೇಡರ್‌ಗಳನ್ನು ನಾವೇ ಮೇಲೆ ಕೆಳಗೆ ಮಾಡಬಹುದು. ಗಿಟಾರು, ಡ್ರಮ್ಮು ಎಲ್ಲಾ ಇಳಿಸಿ ಅವನ ದನಿ ಒಂದನ್ನೇ ಇಟ್ಟುಕೊಂಡು ಕೇಳಿದೆ. ಉಸಿರು ಎಳೆಯೋದೂ ಕೇಳಿಸುತ್ತೆ. ಹಾಡುವವರು ಇದೊಂದಕ್ಕಾದರೂ ಹೋಗಬೇಕು. ಆ ಮಿಕ್ಸರ್ ಫೋಟೊ ತೆಗೆದು ನಮ್ಮ ಆರ್ಕೆಸ್ಟ್ರಾದ ಸೌಂಡ್ ಹುಡುಗನಿಗೆ ಕಳಿಸಿದೆ. ಅವನ ಉತ್ತರ ಇಷ್ಟೇ: "ಅಣ್ಣಾ, ಇದ್ರಾಗ ಎಕೋ ಎಲ್ಲೈತಿ?"