ಗೋಕರ್ಣಕ್ಕೆ ರಾತ್ರಿ ರೈಲು: ತಾಯಿಯವರೊಂದಿಗೆ ಕಲಿತದ್ದು

ತಾಯಿಯವರ ಮಂಡಿನೋವಿನ ಚಿಕಿತ್ಸೆಗಾಗಿ ಎರಡು ತಿಂಗಳಿಗೊಮ್ಮೆ ಅವರನ್ನು ಗೋಕರ್ಣದಿಂದ ಬೆಂಗಳೂರಿಗೆ ಕರೆತಂದು ಮತ್ತೆ ಮನೆ ಮುಟ್ಟಿಸುವ ಕೆಲಸ ಮೂರು ವರ್ಷಗಳಿಂದ ನನ್ನ ಪಾಲಿಗಿದೆ. ಮಳೆಗಾಲದಲ್ಲೂ ಇದಕ್ಕೆ ಬೆಂಗಳೂರು–ಕಾರವಾರ ನಡುವಿನ ರಾತ್ರಿ ರೈಲು ಪಂಚಗಂಗಾ ಎಕ್ಸ್‌ಪ್ರೆಸ್ಸೇ ಸರಿ ಎಂದು ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ರೈಲು ಗೋಕರ್ಣ ರೋಡ್ ನಿಲ್ದಾಣದಲ್ಲಿ ನಿಲ್ಲುವುದೇ ಎರಡು ನಿಮಿಷ, ಅಷ್ಟರಲ್ಲಿ ಅತ್ತೆಯನ್ನು ಹೇಗೆ ಇಳಿಸುತ್ತೀಯೋ? ಇಳಿಸಿದರೂ ಊರು ಇನ್ನೂ ಹತ್ತು ಕಿಲೋಮೀಟರ್ ಇದೆಯಲ್ಲ" ಎಂದು ಭಾವ ತಡೆದಿದ್ದರು. ಈಗ ಅವರೂ ತಮ್ಮ ಟಿಕೆಟನ್ನು ನನ್ನಿಂದಲೇ ಮಾಡಿಸುತ್ತಾರೆ.

ಮೊದಲ ವರ್ಷ ಪೂರ್ತಿ ಸ್ಲೀಪರ್ ಬಸ್ಸಿಗೆ ಹಣ ಸುರಿದೆ. ಬೇರೆ ದಿನಗಳಲ್ಲಿ ತಲೆಗೆ ಎಂಟುನೂರೋ ಒಂಬೈನೂರೋ ಇರುತ್ತಿದ್ದದ್ದು ದೀಪಾವಳಿ, ಶಿವರಾತ್ರಿ ಬಂತೆಂದರೆ ಎರಡು ಸಾವಿರ ದಾಟುತ್ತಿತ್ತು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಇನ್ನೊಂದು ಸಂಗತಿ. ರಾತ್ರಿ ಬಸ್ಸು ನಿಲ್ಲಿಸಿ ಎಂದು ಕೇಳಲು ಸಂಕೋಚಪಟ್ಟು ತಾಯಿಯವರು ಪ್ರಯಾಣದ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ಇದು ನನಗೆ ಗೊತ್ತಾದದ್ದೇ ಐದಾರು ಪ್ರಯಾಣಗಳಾದ ಮೇಲೆ. ಒಮ್ಮೆ ಟ್ಯಾಕ್ಸಿ ಮಾಡಿ ಹನ್ನೆರಡು ಸಾವಿರದಷ್ಟು ಕೊಟ್ಟೆ. ಘಟ್ಟದ ತಿರುವುಗಳಲ್ಲಿ ಅವರಿಗೆ ಆದ ವಾಂತಿ ಮಾತ್ರ ತಪ್ಪಲಿಲ್ಲ.

ಹಗಲಿನಲ್ಲಿ ಹುಬ್ಬಳ್ಳಿಯ ತನಕ ರೈಲು, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಬಸ್ಸು ಎಂಬ ಪ್ರಯೋಗವನ್ನೂ ಮಾಡಿದೆ. ನಾನೊಬ್ಬನೇ ಆದರೆ ಅದು ಇಂದಿಗೂ ನನಗೆ ಇಷ್ಟವಾದ ದಾರಿ. ಆದರೆ ತಾಯಿಯವರೊಂದಿಗೆ ಹಾಗೆ ಹೊರಟದ್ದು 2024ರ ಜುಲೈ ಮೂರನೆಯ ವಾರದಲ್ಲಿ. ಆ ತಿಂಗಳ 16ರಂದು ಅಂಕೋಲೆಗೂ ಗೋಕರ್ಣಕ್ಕೂ ನಡುವಿನ ಶಿರೂರಿನಲ್ಲಿ ಗುಡ್ಡ ಕುಸಿದು, ಜೀವಗಳು ಹೋಗಿ, ಹೆದ್ದಾರಿ ಮುಚ್ಚಿತ್ತು. ಮನೆ ಅಷ್ಟು ಹತ್ತಿರವಿದ್ದರೂ ನಾವು ಅಂಕೋಲೆಯ ನೆಂಟರ ಮನೆಯಲ್ಲಿ ಎರಡು ರಾತ್ರಿ ಕಳೆಯಬೇಕಾಯಿತು. ರೈಲಿಗೆ ಮಳೆಯ ಕಾಟವಿಲ್ಲ ಎಂದು ನಾನು ಹೇಳುತ್ತಿಲ್ಲ. ಅದೇ ತಿಂಗಳ 26ರಂದು ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ, ಈ ರೈಲು ಸಾಗುವ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಸುಮಾರು ಎರಡು ವಾರ ರೈಲು ಓಡಲಿಲ್ಲ. ಆದರೆ ಹಾಗಾದಾಗ ಹೊರಡುವ ಮೊದಲೇ ಮೊಬೈಲಿಗೆ ಸಂದೇಶ ಬರುತ್ತದೆ, ಹಣವೂ ಮರಳುತ್ತದೆ.

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲೂ ಮೊದಲ ಮೂರು ಪ್ರಯಾಣಗಳು ಕೆಟ್ಟವು. ಇಬ್ಬರ ಟಿಕೆಟನ್ನೂ ಒಟ್ಟಿಗೆ ಮಾಡಿದ್ದರಿಂದ ತಾಯಿಯವರಿಗೆ ಮೇಲಿನ ಬರ್ತ್ ಬಂತು, ಕೆಳಗಿನವರನ್ನು ಬೇಡಿಕೊಳ್ಳಬೇಕಾಯಿತು. ಈಗ ಅವರ ಟಿಕೆಟನ್ನು ಹಿರಿಯ ನಾಗರಿಕರ ಕೋಟಾದಲ್ಲಿ ಬೇರೆಯಾಗಿ ಮಾಡುತ್ತೇನೆ. 45 ದಾಟಿದ ಹೆಂಗಸರಿಗೂ 60 ದಾಟಿದ ಗಂಡಸರಿಗೂ ಇರುವ ಈ ಕೋಟಾ, ಅದೇ ಟಿಕೆಟಿನಲ್ಲಿ ನನ್ನಂಥ ನಡುವಯಸ್ಸಿನವನ ಹೆಸರು ಸೇರಿದರೆ ಸಿಗುವುದಿಲ್ಲ. ನನ್ನ ಟಿಕೆಟನ್ನು ಕಾರವಾರದ ತನಕ ಮಾಡಿ ಗೋಕರ್ಣ ರೋಡಿನಲ್ಲಿ ಇಳಿಯುತ್ತೇನೆ. ಮರಳುವಾಗ ಕಾರವಾರದಿಂದ ಮಾಡಿ, ಹತ್ತುವ ನಿಲ್ದಾಣ ಗೋಕರ್ಣ ರೋಡ್ ಎಂದು ಬುಕಿಂಗ್ ಸಮಯದಲ್ಲೇ ಆರಿಸುತ್ತೇನೆ. ರೈಲಿನ ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣದ ತನಕದ ಟಿಕೆಟಿನ ವೇಟಿಂಗ್ ಲಿಸ್ಟ್ ಬೇಗ ಕರಗುತ್ತದೆ ಎಂಬುದು ನನ್ನ ಅನುಭವ. ಹೆಚ್ಚಿಗೆ ಹೋಗುವುದು ಅಲ್ಪ ಮೊತ್ತ.

ಇಳಿಯುವುದಕ್ಕೆ ನಾನು ಕಂಡುಕೊಂಡ ಗುರುತು ಅಘನಾಶಿನಿ ನದಿಯ ಸೇತುವೆ. ಕುಮಟಾ ಬಿಟ್ಟ ಸ್ವಲ್ಪ ಹೊತ್ತಿಗೆ ಗಾಲಿಗಳ ಸದ್ದು ಟೊಳ್ಳಾಗಿ ಗುಡುಗತೊಡಗುತ್ತದೆ, ಕಿಟಕಿಯಾಚೆ ಬೂದು ಬಣ್ಣದ ನೀರು ಹರಡಿಕೊಳ್ಳುತ್ತದೆ. ಆಗ ತಾಯಿಯವರನ್ನು ಎಬ್ಬಿಸಿ, ಚೀಲಗಳನ್ನು ಬಾಗಿಲಿಗೆ ಸಾಗಿಸಿ, ಮಿರ್ಜಾನ್ ದಾಟುವಷ್ಟರಲ್ಲಿ ಅವರನ್ನು ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿಬಿಡುತ್ತೇನೆ. ಮೊದಲು ನಾನು ಇಳಿಯುತ್ತೇನೆ, ಆಮೇಲೆ ಚೀಲ, ಕೊನೆಗೆ ಅವರು ಹಿಮ್ಮುಖವಾಗಿ, ಏಣಿ ಇಳಿದಂತೆ. ಅರ್ಧ ನಿಮಿಷ ಉಳಿಯುತ್ತದೆ. ಯಾವ ಬೋಗಿ ನಿಲ್ದಾಣದ ಹೊರಬಾಗಿಲಿನ ಎದುರಿಗೇ ನಿಲ್ಲುತ್ತದೆ ಎಂಬುದನ್ನು ಮಾತ್ರ ಬರೆಯಲಾರೆ. ಬರೆದರೆ ನನಗೇ ಅಲ್ಲಿ ಸೀಟು ಸಿಗಲಿಕ್ಕಿಲ್ಲ. ನಿಲ್ದಾಣದಲ್ಲಿ ಆಟೊಗೆ ಮುನ್ನೂರು, ಮುನ್ನೂರೈವತ್ತು ಕೇಳುತ್ತಾರೆ. ಒಬ್ಬರೊಂದಿಗೆ ವರ್ಷದ ಮಾತು ಮಾಡಿಕೊಂಡಿದ್ದೇನೆ, ಆ ಲೆಕ್ಕ ನಮ್ಮಿಬ್ಬರಲ್ಲೇ ಇರಲಿ.

ಒಂದು ಬೇಸಿಗೆಯಲ್ಲಿ ನಾನೊಬ್ಬನೇ ಕುಮಟೆಯಲ್ಲಿ ಇಳಿದು, ಅಘನಾಶಿನಿ ಊರಿಗೆ ಹೋಗಿ, ದೋಣಿಯಲ್ಲಿ ನದಿಯಾಚೆಯ ತದಡಿಗೆ ದಾಟಿ ಮನೆ ಸೇರಿದೆ. ಕೊಯ್ದಿಟ್ಟ ಮೀನಿನ ಬುಟ್ಟಿ, ಎರಡು ಬೈಕು, ಶಾಲೆಯ ಮಕ್ಕಳು ಎಲ್ಲ ಒಂದೇ ದೋಣಿಯಲ್ಲಿ. ಸಮಯ ಉಳಿಯಲಿಲ್ಲ, ಖರ್ಚು ಮಾತ್ರ ನೂರರೊಳಗೆ ಮುಗಿಯಿತು.

ಥರ್ಡ್ ಏಸಿಯಲ್ಲಿ ಇಬ್ಬರಿಗೆ ಆಟೊ ಸೇರಿ ಒಂದು ಕಡೆಗೆ ಸುಮಾರು ಎರಡೂವರೆ ಸಾವಿರವಾಗುತ್ತದೆ, ಸ್ಲೀಪರಿನಲ್ಲಿ ಅದರ ಅರ್ಧಕ್ಕಿಂತ ಕೊಂಚ ಕಡಿಮೆ. ಈಗ ತಾಯಿಯವರು ಒಂದು ಲೀಟರ್ ನೀರಿನ ಬಾಟಲಿಯನ್ನು ತಲೆದೆಸೆಯಲ್ಲೇ ಇಟ್ಟುಕೊಂಡು ಮಲಗುತ್ತಾರೆ, ಬೆಳಗಾಗುವಷ್ಟರಲ್ಲಿ ಅದು ಖಾಲಿಯಾಗಿರುತ್ತದೆ.