ಹೆದರಿಸದೆ ಡಿಯೋಡರೆಂಟ್ ಮಾರೋದು ಹೇಗೆ?

ಅಲ್ಯೂಮಿನಿಯಂ ಹಾಕಿಲ್ಲ, ಕೆಡದ ಹಾಗೆ ಇಡೋಕೆ ಬಳಸೋ ಪ್ಯಾರಾಬೆನ್ ಹಾಕಿಲ್ಲ, ಚರ್ಮಕ್ಕೆ ಹಿತವಾಗಿರೋ ಒಂದು ಡಿಯೋ ಮಾಡಿಟ್ಕೊಂಡಿದ್ದೀರಿ, ಈಗ ಅದನ್ನ ಸಿಟಿ ಜನಕ್ಕೆ ಮಾರ್ಬೇಕು. ಎಲ್ರಿಗೂ ಮೊದಲು ಹೊಳೆಯೋ ಐಡಿಯಾ ಒಂದೇ, ‘ನೀವು ದಿನಾ ಹಚ್ಕೊಳ್ತಿರೋದು ವಿಷ’ ಅನ್ನೋದು. ಅದಕ್ಕೆ ವ್ಯೂಸ್ ಬರತ್ತೆ, ಮೊದಲ ತಿಂಗಳು ಆರ್ಡರೂ ಬರತ್ತೆ, ಆದ್ರೆ ಹೆದರಿ ಕೊಂಡವರು ಎರಡನೇ ವಾರ ಮೀಟಿಂಗ್ ಮಧ್ಯೆ ಕಂಕುಳ ಹತ್ರ ಶರ್ಟ್ ಒದ್ದೆ ಆದ ತಕ್ಷಣ ಹಳೇ ಬ್ರ್ಯಾಂಡ್‌ಗೆ ವಾಪಸ್ ಓಡ್ತಾರೆ, ಓಡೋ ಮುಂಚೆ ಒಂದೇ ಸ್ಟಾರ್ ಕೊಟ್ಟು ಹೋಗ್ತಾರೆ. ಈ ಬಿಸಿನೆಸ್‌ನಲ್ಲಿ ದುಡ್ಡಿರೋದು ಎರಡನೇ ಸಲ ಕೊಳ್ಳೋರ ಹತ್ರ, ಹಾಗಾಗಿ ಇಲ್ಲಿರೋದೆಲ್ಲ ಆ ಎರಡನೇ ಸ್ಟಿಕ್ ಮಾರೋ ಲೆಕ್ಕಾಚಾರ.

ಮೊದಲು, ಏನು ಮಾರ್ತಿದ್ದೀರಿ ಅಂತ ನಿಮಗೇ ಸರಿಯಾಗಿ ಗೊತ್ತಿರ್ಲಿ

ಹೊಸದಾಗಿ ಬಂದ ಬೆವರಿಗೆ ಹೆಚ್ಚುಕಮ್ಮಿ ವಾಸನೆಯೇ ಇರಲ್ಲ. ಕಂಕುಳಲ್ಲಿರೋ ಅಪೊಕ್ರೈನ್ ಅನ್ನೋ ಬೆವರಿನ ಗ್ರಂಥಿಗಳಿಂದ ಬರೋ ದ್ರವವನ್ನ ಅಲ್ಲೇ ವಾಸ ಮಾಡೋ ಬ್ಯಾಕ್ಟೀರಿಯಾ, ಮುಖ್ಯವಾಗಿ ಕೊರಿನೆಬ್ಯಾಕ್ಟೀರಿಯಂ ಮತ್ತೆ ಸ್ಟಫೈಲೊಕಾಕಸ್ ಹೋಮಿನಿಸ್, ಒಡೆದು ಹಾಕಿದಾಗ ಗಂಧಕ ಸೇರಿರೋ ಥಯೋಆಲ್ಕೊಹಾಲ್‌ಗಳು, ಕೆಲವು ಆಮ್ಲಗಳು ಹುಟ್ಟತ್ತೆ, ಮೂಗಿಗೆ ಹೊಡೆಯೋದು ಅದು. ಡಿಯೋಡರೆಂಟ್ ಕೆಲಸ ಮಾಡೋದು ಈ ವಾಸನೆ ಮೇಲೆ. ಆ್ಯಂಟಿಪರ್ಸ್ಪಿರೆಂಟ್ ಬೇರೆ, ಅದರಲ್ಲಿರೋ ಅಲ್ಯೂಮಿನಿಯಂ ಲವಣ ಬೆವರಿನ ನಾಳದ ಬಾಯಲ್ಲಿ ಗಟ್ಟಿಯಾಗಿ ಕೂತು ಬೆವರನ್ನೇ ತಡೆಯತ್ತೆ. ಅಮೆರಿಕದಲ್ಲಂತೂ ಔಷಧಿ, ಕಾಸ್ಮೆಟಿಕ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಇವೆರಡನ್ನ ಬೇರೆ ಬೇರೆ ಖಾತೆಯಲ್ಲೇ ಇಟ್ಟಿದೆ, ಡಿಯೋ ಅಂದ್ರೆ ಕಾಸ್ಮೆಟಿಕ್, ಆ್ಯಂಟಿಪರ್ಸ್ಪಿರೆಂಟ್ ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಸಿಗೋ ಔಷಧಿ.

ಇದು ಬರೀ ಸೈನ್ಸ್ ಪಾಠ ಅಲ್ಲ, ನಿಮ್ಮ ಪೂರ್ತಿ ಮಾರ್ಕೆಟಿಂಗ್ ಇದರ ಮೇಲೇ ನಿಂತಿದೆ. ಅಂಗಡಿ ಶೆಲ್ಫ್‌ನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರತ್ತೆ, ಕೊಳ್ಳೋರಿಗೆ ಎರಡೂ ‘ಡಿಯೋ’ನೇ. ನಿಮ್ಮದು ಬೆವರು ನಿಲ್ಲಿಸಲ್ಲ ಅಂತ ನೀವು ಹೇಳದಿದ್ರೆ ಅವರು ಅದು ನಿಲ್ಲಿಸತ್ತೆ ಅಂತಾನೇ ಅಂದ್ಕೊಳ್ತಾರೆ, ನಿಲ್ಲಿಸದಿದ್ದಾಗ ಪ್ರಾಡಕ್ಟ್ ಸರಿ ಇಲ್ಲ ಅಂತಾರೆ. ಡಬ್ಬಿ ಮುಂಭಾಗದಲ್ಲೇ ಬರೀರಿ: ‘ವಾಸನೆ ತಡೆಯತ್ತೆ, ಬೆವರು ತಡೆಯಲ್ಲ’. ಹೀಗೆ ಬರೆದ್ರೆ ಸೇಲ್ಸ್ ಬೀಳತ್ತೆ ಅಂತ ನಿಮ್ಮ ಟೀಮಲ್ಲಿ ಒಬ್ರಾದ್ರೂ ಹೇಳ್ತಾರೆ. ಮೊದಲ ಸಲದ ಸೇಲ್ಸ್ ಸ್ವಲ್ಪ ಬೀಳಬಹುದು, ಬೀಳ್ಲಿ ಬಿಡಿ.

ಇನ್ನೊಂದು, ಪಟಿಕದ ಕಲ್ಲು. ‘ನೈಸರ್ಗಿಕ ಕ್ರಿಸ್ಟಲ್, ಅಲ್ಯೂಮಿನಿಯಂ ಫ್ರೀ’ ಅಂತ ಲೇಬಲ್ ಹಚ್ಚಿ ಮಾರೋರು ಬೇಕಾದಷ್ಟು ಜನ ಇದ್ದಾರೆ. ಪಟಿಕ ಅಂದ್ರೇನೇ ಪೊಟ್ಯಾಶಿಯಂ ಅಲ್ಯೂಮಿನಿಯಂ ಸಲ್ಫೇಟ್! ಆರೋಗ್ಯದ ಬಗ್ಗೆ ಓದ್ಕೊಂಡಿರೋ ಗ್ರಾಹಕರು ಮೊದಲು ಹಿಡಿಯೋದು ಇದನ್ನೇ, ಹಿಡಿದ್ರೆ ಸ್ಕ್ರೀನ್‌ಶಾಟ್ ಎಲ್ಲಾ ಗ್ರೂಪಿಗೂ ಹೋಗತ್ತೆ.

ಆಮೇಲೆ, ‘ಸೇಫ್’ ಅಂತ ಎಷ್ಟರ ಮಟ್ಟಿಗೆ ಹೇಳಬಹುದು ಅಂತ ಗೆರೆ ಹಾಕ್ಕೊಳ್ಳಿ

ಡಿಯೋ ಹಾಕಿದ್ರೆ ಸ್ತನ ಕ್ಯಾನ್ಸರ್ ಬರತ್ತೆ ಅನ್ನೋ ಮಾತು ಇಮೇಲ್ ಕಾಲದಿಂದ ಓಡಾಡ್ತಿದೆ. ಅದಕ್ಕೆ ಜೀವ ಕೊಟ್ಟಿದ್ದು 2004ರ ಒಂದು ಬ್ರಿಟಿಷ್ ಅಧ್ಯಯನ, ಅದರಲ್ಲಿ ಸ್ತನದ ಗೆಡ್ಡೆಗಳಲ್ಲಿ ಪ್ಯಾರಾಬೆನ್ ಕಂಡಿತ್ತು, ನೋಡಿದ್ದು ಬರೀ 20 ಗೆಡ್ಡೆ, ಆರೋಗ್ಯವಾಗಿರೋ ಅಂಗಾಂಶದ ಜೊತೆ ಹೋಲಿಸಿರಲಿಲ್ಲ, ಆ ಪ್ಯಾರಾಬೆನ್ ಡಿಯೋದಿಂದಲೇ ಬಂತು ಅಂತಾನೂ ತೋರಿಸಿರಲಿಲ್ಲ. ಅದಕ್ಕೂ ಮುಂಚೆ, 2002ರಲ್ಲಿ, ಕ್ಯಾನ್ಸರ್ ಇದ್ದ 813 ಮತ್ತೆ ಇಲ್ಲದ 793 ಹೆಂಗಸರನ್ನ ಹೋಲಿಸಿ ನೋಡಿದ ಅಮೆರಿಕದ ಅಧ್ಯಯನದಲ್ಲಿ ಯಾವ ಸಂಬಂಧವೂ ಸಿಕ್ಕಿರಲಿಲ್ಲ. ಯುರೋಪಿನ ಗ್ರಾಹಕ ಸುರಕ್ಷತಾ ವಿಜ್ಞಾನಿಗಳ ಸಮಿತಿ 2020ರಲ್ಲಿ, ಸ್ಪ್ರೇ ಅಲ್ಲದ ಡಿಯೋಗಳಲ್ಲಿ 6.25 ಶೇಕಡಾ, ಸ್ಪ್ರೇಗಳಲ್ಲಿ 10.60 ಶೇಕಡಾವರೆಗೆ ಅಲ್ಯೂಮಿನಿಯಂ ಇದ್ರೆ ಸುರಕ್ಷಿತ ಅಂತ ಹೇಳಿದೆ. ಅಂದ್ರೆ ಕ್ಯಾನ್ಸರ್ ಹೆಸರು ನಿಮ್ಮ ಜಾಹೀರಾತಲ್ಲಿ ಬರಲೇಬಾರದು, ಸುತ್ತಿ ಬಳಸಿಯೂ ಬರಬಾರದು, ಪಿಂಕ್ ರಿಬ್ಬನ್ ಹಾಕಿ ಸೂಚನೆ ಕೊಡೋದೂ ಬೇಡ. ಕಿಡ್ನಿ ಕಾಯಿಲೆ ಇರೋರು ಮಾತ್ರ ಬೇರೆ ವಿಷಯ, ಅವರು ಡಾಕ್ಟರನ್ನ ಕೇಳಿ ಬಳಸಿ ಅಂತ ಅಮೆರಿಕದಲ್ಲಿ ಆ್ಯಂಟಿಪರ್ಸ್ಪಿರೆಂಟ್ ಲೇಬಲ್ ಮೇಲೇ ಬರೆದಿರ್ಬೇಕು.

‘ಡಿಟಾಕ್ಸ್’ ಅನ್ನೋ ಪದಾನೂ ಬಿಡಿ. ದೇಹದ ಕಶ್ಮಲ ತೆಗೆಯೋದು ಲಿವರ್ ಮತ್ತೆ ಕಿಡ್ನಿ, ಕಂಕುಳಲ್ಲ. ‘ಪ್ಯಾರಾಬೆನ್ ಫ್ರೀ’ ಅನ್ನೋದಕ್ಕೂ ಯೋಚನೆ ಮಾಡಿ ಕೈ ಹಾಕಿ. ಯುರೋಪಿನಲ್ಲಿ 2013ರ 655ನೇ ನಿಯಮದ ಪ್ರಕಾರ, ಕಾನೂನು ಒಪ್ಪಿರೋ ಪದಾರ್ಥವನ್ನ ಕೆಟ್ಟದು ಅನ್ನೋ ಥರ ಬಿಂಬಿಸೋ ಕ್ಲೇಮ್ ಸರಿಯಲ್ಲ.

ಹಾಗಾದ್ರೆ ಏನು ಹೇಳೋದು? ನೀವು ನಿಜವಾಗ್ಲೂ ಮಾಡಿರೋದನ್ನ. ಸುಗಂಧ ಹಾಕಿಲ್ಲದಿದ್ರೆ ಹಾಕಿಲ್ಲ ಅನ್ನಿ. ಚರ್ಮದ ಪರೀಕ್ಷೆ ಮಾಡಿಸಿದ್ರೆ ಎಷ್ಟು ಜನರ ಮೇಲೆ, ಎಷ್ಟು ವಾರ, ಎಷ್ಟು ಜನಕ್ಕೆ ಕೆಂಪಾಯ್ತು ಅಂತ ಅಂಕಿ ಸಮೇತ ಹಾಕಿ. ಬರೀ ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಅಂದ್ರೆ ಟೆಸ್ಟ್ ಮಾಡಿದ್ರು ಅಂತಷ್ಟೇ ಅರ್ಥ, ಪಾಸಾಯ್ತೋ ಫೇಲಾಯ್ತೋ ಅದರಲ್ಲಿ ಎಲ್ಲಿದೆ? ‘ಹೈಪೋಅಲರ್ಜೆನಿಕ್’, ಅಂದ್ರೆ ಅಲರ್ಜಿ ತರೋದು ಕಮ್ಮಿ, ಅನ್ನೋದಕ್ಕೆ ಅಮೆರಿಕದಲ್ಲಿ ಕಾನೂನಿನ ವ್ಯಾಖ್ಯಾನವೇ ಇಲ್ಲ, ಯಾರು ಬೇಕಾದ್ರೂ ಹಾಕ್ಕೋಬಹುದು, ಅದಕ್ಕೇ ಅದಕ್ಕೆ ಬೆಲೆ ಇಲ್ಲ.

ಇಲ್ಲೊಂದು ಹಳೇ ಕಥೆ. 1919ರಲ್ಲಿ ಓಡೊರೊನೊ ಅನ್ನೋ ಆ್ಯಂಟಿಪರ್ಸ್ಪಿರೆಂಟ್‌ಗೆ ಜೇಮ್ಸ್ ಯಂಗ್ ಅನ್ನೋ ಕಾಪಿರೈಟರ್ ಅಮೆರಿಕದ ಹೆಂಗಸರ ಪತ್ರಿಕೆಯೊಂದರಲ್ಲಿ ಜಾಹೀರಾತು ಬರೆದ, ನಿನ್ನ ಮೈ ವಾಸನೆ ನಿನಗೆ ಗೊತ್ತಾಗಲ್ಲ, ಹತ್ತಿರ ಬಂದೋರಿಗೆ ಗೊತ್ತಾಗತ್ತೆ ಅನ್ನೋ ಧಾಟಿಯಲ್ಲಿ. ಸುಮಾರು 200 ಜನ ಸಿಟ್ಟಾಗಿ ಚಂದಾ ನಿಲ್ಲಿಸಿದ್ರು, ಮಾರಾಟ ಮಾತ್ರ ಒಂದೇ ವರ್ಷದಲ್ಲಿ 112 ಶೇಕಡಾ ಏರ್ತು. ನಾಚಿಕೆ ಮಾರಿದ್ರೆ ದುಡ್ಡು ಬರತ್ತೆ ಅಂತ ಇಂಡಸ್ಟ್ರಿ ಅವತ್ತೇ ಕಲಿತು, ಇವತ್ತು ನಾಚಿಕೆ ಜಾಗಕ್ಕೆ ಕೆಮಿಕಲ್ ಭಯ ಬಂದು ಕೂತಿದೆ ಅಷ್ಟೇ. ಆದ್ರೆ ಅವತ್ತಿನ ಓದುಗರ ಜೇಬಲ್ಲಿ ಫೋನ್ ಇರಲಿಲ್ಲ, ನಿಮ್ಮ ಕ್ಲೇಮ್ ಸುಳ್ಳು ಅಂತ ತಿಳ್ಕೊಳ್ಳೋಕೆ ಈಗ ಎರಡು ನಿಮಿಷ ಸಾಕು.

ಫಾರ್ಮುಲಾ ಕಡೆ ಮಾರ್ಕೆಟಿಂಗ್‌ನವರೂ ಒಂದ್ಸಲ ಇಣುಕಿ

ಇದು ಲ್ಯಾಬ್‌ನವರ ಕೆಲಸ ಅಂತ ಬಿಟ್ರೆ ಆಮೇಲೆ ಕಸ್ಟಮರ್ ಕೇರ್‌ನಲ್ಲಿ ಅನುಭವಿಸೋದು ನೀವೇ. ನ್ಯಾಚುರಲ್ ಡಿಯೋಗಳ ಮೇಲೆ ಬರೋ ದೊಡ್ಡ ದೂರು ಉರಿ, ಅದರ ಹಿಂದೆ ಬಹಳ ಸಲ ಇರೋದು ಬೇಕಿಂಗ್ ಸೋಡಾ. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5, ಸೋಡಾ ಕರಗಿದ ನೀರಿನದು 8ರ ಮೇಲೆ, ಶೇವ್ ಮಾಡಿದ ಚರ್ಮಕ್ಕೆ ಅದನ್ನ ದಿನಾ ತಿಕ್ಕಿದ್ರೆ ಕೆಂಪಾಗದೆ ಇನ್ನೇನಾಗತ್ತೆ. ಮೆಗ್ನೀಶಿಯಂ ಹೈಡ್ರಾಕ್ಸೈಡ್, ಜಿಂಕ್ ರಿಸಿನೋಲಿಯೇಟ್, ಟ್ರೈಈಥೈಲ್ ಸಿಟ್ರೇಟ್, ಇಲ್ಲಾಂದ್ರೆ ಮ್ಯಾಂಡಲಿಕ್ ಆ್ಯಸಿಡ್, ಹೀಗೆ ಸೋಡಾ ಬದಲು ವಾಸನೆ ತಡೆಯೋಕೆ ಬೇರೆ ದಾರಿಗಳಿವೆ. ಎಸೆನ್ಶಿಯಲ್ ಆಯಿಲ್ ಗಿಡದಿಂದ ಬಂತು ಅಂತ ಸಾಧು ಅಂದ್ಕೋಬೇಡಿ, ಅದರಲ್ಲಿರೋ ಲಿನಲೂಲ್, ಲಿಮೊನೀನ್ ಥರದವು ಕೆಲವರಿಗೆ ಅಲರ್ಜಿ ತರತ್ತೆ, ಹಚ್ಚಿ ಹಾಗೇ ಬಿಡೋ ಪ್ರಾಡಕ್ಟ್‌ನಲ್ಲಿ 0.001 ಶೇಕಡಾ ಮೀರಿದ್ರೆ ಯುರೋಪಿನಲ್ಲಿ ಹೆಸರು ಹಾಕಲೇಬೇಕು.

ಸ್ಟಿಕ್ ಆಗಿದ್ರೆ ಕರಗೋ ಟೆಂಪರೇಚರ್ ಕೇಳಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗತ್ತೆ, ಡೆಲಿವರಿ ವ್ಯಾನ್ ಬಿಸಿಲಲ್ಲಿ ನಿಂತಾಗ ಒಳಗಿನ ಶಾಖ ಅದಕ್ಕಿಂತ ಎಷ್ಟೋ ಜಾಸ್ತಿ, ಸಾಕಷ್ಟು ಮೇಣ ಹಾಕಿಲ್ಲಾಂದ್ರೆ ಸ್ಟಿಕ್ ಕರಗಿ, ಮತ್ತೆ ಗಟ್ಟಿಯಾಗಿ, ಮೇಲೆ ಮರಳು ಮರಳಾಗಿ ತಲುಪತ್ತೆ, ಕಂಕುಳಿಗೆ ತಾಗಿದ್ರೆ ಗೀರಿದ ಹಾಗೆ. ಎಷ್ಟು ಚೆಂದದ ಡಬ್ಬಿ ಮಾಡಿದ್ರೂ ಈ ಮರಳನ್ನ ಮುಚ್ಚೋಕಾಗಲ್ಲ.

ಸ್ಪ್ರೇ ಮಾಡೋದಾದ್ರೆ ಪದಾರ್ಥದ ಪಟ್ಟಿ ಕ್ಲೀನ್ ಇದ್ರೆ ಸಾಲದು. 2021ರಲ್ಲಿ ಅಮೆರಿಕದಲ್ಲಿ ಕೆಲವು ಏರೋಸಾಲ್ ಸ್ಪ್ರೇಗಳಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಸಿಕ್ಕಿ ಮಾರ್ಕೆಟಿಂದ ವಾಪಸ್ ತರಿಸ್ಕೊಂಡ್ರು, ಅದನ್ನ ಯಾರೂ ಬೇಕು ಅಂತ ಹಾಕಿರಲಿಲ್ಲ, ಲೇಬಲ್ ಮೇಲೂ ಇರಲಿಲ್ಲ. ಪ್ರತಿ ಬ್ಯಾಚ್‌ಗೂ ಟೆಸ್ಟ್ ಮಾಡಿಸಿ, ರಿಪೋರ್ಟ್ ಸೈಟ್‌ನಲ್ಲಿ ಹಾಕಿ. ‘ಸೇಫ್’ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಜಾಹೀರಾತು ನನಗಂತೂ ಗೊತ್ತಿಲ್ಲ.

ಯಾರಿಗೆ ಮಾರೋದು

‘25ರಿಂದ 40, ಸಿಟಿ, ಆರೋಗ್ಯದ ಕಾಳಜಿ ಇರೋರು’ ಅಂತ ಸ್ಲೈಡ್‌ನಲ್ಲಿ ಬರೆದ್ರೆ ಏನೂ ಬರೆದ ಹಾಗಲ್ಲ. ಯಾರಿಗೆ ಈಗಿರೋ ಡಿಯೋದಿಂದ ತೊಂದರೆ ಇದೆ ಅಂತ ಹುಡುಕಿ: ಶೇವ್ ಆದ್ಮೇಲೆ ಉರಿಯೋರು, ಸುಗಂಧದಿಂದ ತಲೆನೋವು ಬರೋರು, ಕಪ್ಪು ಬಟ್ಟೆ ಮೇಲೆ ಬಿಳಿ ಕಲೆ ನೋಡಿ ಸಾಕಾದೋರು, ಮಗಳಿಗೋ ಮಗನಿಗೋ ಮೊದಲ ಡಿಯೋ ಹುಡುಕ್ತಿರೋ ಅಪ್ಪ ಅಮ್ಮ. ಒಂದು ಗುಂಪು ಹಿಡೀರಿ, ಅವರ ಮಾತಲ್ಲೇ ಮಾತಾಡಿ. ಜಿಮ್‌ನಲ್ಲಿ ದಿನಾ ಎರಡು ಗಂಟೆ ಬೆವರು ಸುರಿಸೋರು ಮೊದಲ ಗುಂಪು ಆಗೋದು ಬೇಡ, ಅವರಿಗೆ ಬೇಕಿರೋದು ನಿಮ್ಮ ಹತ್ರ ಇಲ್ಲ.

ಒಂದು ತಮಾಷೆ ಗೊತ್ತಾ, ಎಬಿಸಿಸಿ11 ಅನ್ನೋ ಜೀನ್‌ನ ಒಂದು ರೂಪ ಇರೋರಿಗೆ ಕಂಕುಳ ವಾಸನೆ ಬರೋದೇ ತೀರಾ ಕಮ್ಮಿ, ಪೂರ್ವ ಏಷ್ಯಾದಲ್ಲಿ ಇಂಥವರೇ ಹೆಚ್ಚು. 2013ರಲ್ಲಿ ಬ್ರಿಟನ್‌ನಲ್ಲಿ 6,495 ಹೆಂಗಸರನ್ನ ನೋಡಿದಾಗ ಸುಮಾರು 2 ಶೇಕಡಾ ಜನಕ್ಕೆ ಆ ರೂಪ ಇತ್ತು, ಅವರಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಡಿಯೋ ಹಾಕ್ತಿದ್ರು! ಜನ ಡಿಯೋ ಹಾಕೋದು ಎಷ್ಟೋ ಸಲ ಬರೀ ಅಭ್ಯಾಸದಿಂದ, ಸ್ನಾನ ಆದ್ಮೇಲೆ ಕೈ ತಾನಾಗೇ ಡಬ್ಬಿ ಹತ್ರ ಹೋಗತ್ತೆ. ನೀವು ಗೆಲ್ಲಬೇಕಿರೋದು ಆ ಜಾಗವನ್ನ, ಹಾಗಾಗಿ ಡಬ್ಬಿ ಬಾತ್‌ರೂಮ್ ಶೆಲ್ಫ್ ಮೇಲೆ ನೆಟ್ಟಗೆ ನಿಲ್ಲತ್ತಾ, ಒದ್ದೆ ಕೈಲಿ ಮುಚ್ಚಳ ತೆಗೆಯೋಕೆ ಬರತ್ತಾ ಅಂತ ನೋಡಿ.

ಮೊದಲ ಎರಡು ವಾರ ಅವರ ಜೊತೆ ಇರಿ

ಆ್ಯಂಟಿಪರ್ಸ್ಪಿರೆಂಟ್ ಬಿಟ್ಟು ಬಂದೋರಿಗೆ ನಾಳದಲ್ಲಿದ್ದ ಬಿರಡೆ ನಿಧಾನಕ್ಕೆ ಉದುರಿ ಬೆವರು ಮತ್ತೆ ಶುರುವಾಗತ್ತೆ, ಬ್ಯಾಕ್ಟೀರಿಯಾನೂ ಹೆಚ್ಚತ್ತೆ, ಇದನ್ನ ಮುಂಚೆನೇ ಹೇಳಿದ್ರೆ ತಡ್ಕೋತಾರೆ, ಆಮೇಲೆ ಹೇಳಿದ್ರೆ ನೆಪ ಅಂತಾರೆ. ಆರ್ಡರ್ ಬಂದ ದಿನವೇ ಒಂದು ಚಿಕ್ಕ ಮೆಸೇಜ್ ಹೋಗ್ಲಿ: ಒಣಗಿದ ಚರ್ಮಕ್ಕೆ ಎರಡು ಸಲ ಎಳೆದ್ರೆ ಸಾಕು, ಶೇವ್ ಮಾಡಿದ ರಾತ್ರಿ ಬಿಟ್ಬಿಡಿ, ಬಟ್ಟೆ ಒದ್ದೆ ಆಗತ್ತೆ ಆದ್ರೆ ವಾಸನೆ ಬರ್ಬಾರದು, ಬಂದ್ರೆ ನಮಗೆ ಹೇಳಿ. ಹತ್ತನೇ ದಿನದ ಹೊತ್ತಿಗೆ ಇನ್ನೊಂದು, ‘ಹೇಗಿದೆ?’ ಅಂತ. ಕೂಪನ್ ಕಳಿಸ್ಬೇಡಿ, ಪ್ರಶ್ನೆ ಕೇಳಿ, ಉತ್ತರಾನ ಮನುಷ್ಯರೇ ಓದಲಿ.

ಇದಕ್ಕೆಲ್ಲ ಚಿಕ್ಕ ಟ್ರಯಲ್ ಪ್ಯಾಕ್ ಬೇಕು, ಎರಡು ವಾರಕ್ಕೆ ಸಾಕಾಗೋಷ್ಟು. ಮೂರು ದಿನದ ಸ್ಯಾಂಪಲ್ ದಂಡ, ಕಷ್ಟದ ದಿನಗಳು ಬರೋ ಮುಂಚೆನೇ ಖಾಲಿ ಆಗಿರತ್ತೆ. ಪೂರ್ತಿ ಸ್ಟಿಕ್ ಕೊಂಡು ಇಷ್ಟವಾಗದಿದ್ರೆ ದುಡ್ಡು ವಾಪಸ್ ಕೊಡಿ, ಬಳಸಿದ ಸ್ಟಿಕ್ ವಾಪಸ್ ಕೇಳ್ಬೇಡಿ, ಅದನ್ನ ತಗೊಂಡು ನೀವೇನ್ ಮಾಡ್ತೀರಿ.

ಇನ್‌ಫ್ಲುಯೆನ್ಸರ್‌ಗಳ ವಿಷ್ಯ ಜಾಸ್ತಿ ಬರೆಯಲ್ಲ. ದುಡ್ಡು ಕೊಟ್ಟಿದ್ರೆ ಕೊಟ್ಟಿದ್ದೀವಿ ಅಂತ ಕಾಣೋ ಹಾಗೆ ಹಾಕಿಸಿ, ಜಾಹೀರಾತುಗಳ ಮೇಲೆ ಕಣ್ಣಿಡೋ ಅಮೆರಿಕದ ಎಫ್‌ಟಿಸಿ ಸೇರಿ ಹಲವು ಕಡೆ ಅದು ನಿಯಮಾನೇ. ಕೈಗೆ ಬಂದ ದಿನವೇ ರಿವ್ಯೂ ಮಾಡೋರಿಗಿಂತ ಎರಡು ವಾರ ಹಾಕಿ ನೋಡಿ ಮಾತಾಡೋ ಚಿಕ್ಕ ಅಕೌಂಟ್‌ಗಳು ವಾಸಿ, ‘ನನಗೆ ಸಂಜೆ ಹೊತ್ತಿಗೆ ಮತ್ತೊಂದ್ಸಲ ಹಚ್ಬೇಕಾಯ್ತು’ ಅಂತ ಅವರು ಹೇಳಿದ್ರೆ ಎಡಿಟ್ ಮಾಡಿಸ್ಬೇಡಿ.

ಕೊನೆಗೆ, ದದ್ದು ಎದ್ದಿದೆ ಅಂತ ಮೆಸೇಜ್ ಬಂದೇ ಬರತ್ತೆ. ಉತ್ತರ ಮುಂಚೆನೇ ಬರೆದಿಟ್ಕೊಳ್ಳಿ. ‘ಇದು ಚರ್ಮ ಹೊಂದ್ಕೊಳ್ತಿರೋ ಲಕ್ಷಣ’ ಅಂತ ಮಾತ್ರ ಹೇಳಿಬಿಟ್ಟೀರಿ ಜೋಕೆ, ಉರಿ ಅಂದ್ರೆ ಉರಿ. ಹಚ್ಚೋದು ನಿಲ್ಸಿ ಅನ್ನಿ, ಕಮ್ಮಿ ಆಗದಿದ್ರೆ ಡಾಕ್ಟರ್ ಹತ್ರ ಹೋಗಿ ಅನ್ನಿ, ಪದಾರ್ಥದ ಪೂರ್ತಿ ಪಟ್ಟಿ ಕಳಿಸಿ ಅವರಿಗೆ ತೋರಿಸೋಕೆ, ಡಬ್ಬಿ ತಳದಲ್ಲಿರೋ ಬ್ಯಾಚ್ ನಂಬರ್ ಕೇಳಿ ಬರ್ಕೊಳ್ಳಿ, ದುಡ್ಡು ಅವತ್ತೇ ವಾಪಸ್ ಹಾಕಿ. ಒಂದೇ ಬ್ಯಾಚ್ ನಂಬರ್ ಮತ್ತೆ ಮತ್ತೆ ಬರ್ತಿದ್ರೆ ಜಾಹೀರಾತು ನಿಲ್ಸಿ ಲ್ಯಾಬ್‌ಗೆ ಫೋನ್ ಮಾಡಿ.