ಜರೀಗಿಡ ಬಿತ್ತಿ ಗ್ಯಾಮಿಟೊಫೈಟ್ ಬೆಳೆಸಿದ ನನ್ನ ಅನುಭವ

ಜರೀಗಿಡದ ಎಲೆಯ ಬೆನ್ನಿಗಿರುವ ಕಂದು ಚುಕ್ಕಿಗಳಲ್ಲಿ ಬೀಜಕಗಳಿರುತ್ತವೆ. ಅವನ್ನು ಬಿತ್ತಿದರೆ ನೇರವಾಗಿ ಜರೀಗಿಡ ಬರುವುದಿಲ್ಲ. ನಡುವೆ ಗ್ಯಾಮಿಟೊಫೈಟ್ ಎಂಬ ಬೇರೆಯೇ ಒಂದು ಪುಟ್ಟ ಸಸ್ಯ ಸ್ವತಂತ್ರವಾಗಿ ಬದುಕುತ್ತದೆ. ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು.

ಚುಕ್ಕಿಗಳು ಬಲಿತ ಎಲೆಯೊಂದನ್ನು ಬಿಳಿ ಕಾಗದದಲ್ಲಿ ಮಡಿಸಿಟ್ಟೆ. ಎರಡು ದಿನದಲ್ಲಿ ಕಂದು ಧೂಳು ಉದುರಿತು. ಕಾಗದ ಓರೆ ಮಾಡಿ ತಟ್ಟಿದರೆ ಹೊಟ್ಟು ಮೊದಲು ಜಾರುತ್ತದೆ, ಬೀಜಕ ಕಾಗದಕ್ಕೇ ಅಂಟಿಕೊಂಡಿರುತ್ತದೆ. ಕುದಿನೀರು ಸುರಿದು ಆರಿಸಿದ ತೆಂಗಿನ ನಾರಿನ ಪುಡಿಯ ಮೇಲೆ ಅದನ್ನು ಉದುರಿಸಿ, ಮುಚ್ಚಳ ಹಾಕಿ, ಬಿಸಿಲು ನೇರವಾಗಿ ಬೀಳದ ಬೆಳಕಿನಲ್ಲಿಟ್ಟೆ. ಮೇಲೆ ಮಣ್ಣು ಹರಡಲಿಲ್ಲ. ಹೆಚ್ಚಿನ ಜರೀಗಿಡಗಳ ಬೀಜಕ ಮೊಳೆಯಲು ಬೆಳಕು ಬೇಕು.

ಮೊದಲ ಸಲ ದಟ್ಟವಾಗಿ ಬಿತ್ತಿ ಕೆಟ್ಟೆ. ಒತ್ತೊತ್ತಾಗಿ ಎದ್ದವು ಕಿರಿದಾದ ಎಳೆಗಳಾಗಿಯೇ ಉಳಿದವು. ಎರಡನೆಯ ಸಲ ವಿರಳವಾಗಿ ಬಿತ್ತಿದೆ. ಮೂರು ವಾರಕ್ಕೆ ಹಸಿರು ಪೊರೆ, ಎರಡೂವರೆ ತಿಂಗಳಿಗೆ ಅರ್ಧ ಸೆಂಟಿಮೀಟರ್ ಅಗಲದ ಹೃದಯಾಕಾರದ ಹಾಳೆಗಳು! ಇವೇ ಆ ಗ್ಯಾಮಿಟೊಫೈಟ್‌ಗಳು, ಜರೀಗಿಡದಲ್ಲಿ ಇವನ್ನೇ ಪ್ರೋಥ್ಯಾಲಸ್ ಎನ್ನುವುದು. ಸೂಕ್ಷ್ಮದರ್ಶಕದಲ್ಲಿಟ್ಟಾಗ ಅಂಚಿನ ಕಡೆ ಒಂದೇ ಕೋಶದಷ್ಟು ತೆಳು, ನಡುವೆ ಮಾತ್ರ ದಪ್ಪ. ಮಗುಚಿ ನೋಡಿದರೆ, ಬೇರಿನಂಥ ಎಳೆಗಳ ನಡುವೆ ಪುರುಷಾಣು ಹುಟ್ಟುವ ಗುಂಡನೆಯ ಚೀಲಗಳು. ಹೃದಯದ ಕಚ್ಚಿನ ಹತ್ತಿರ ಅಂಡವಿರುವ ಪುಟ್ಟ ಕೊರಳುಗಳು. ಜರೀಗಿಡದಲ್ಲಿರುವ ವರ್ಣತಂತುಗಳ ಅರ್ಧ ಸಂಖ್ಯೆಯಲ್ಲೇ ಈ ಸಸ್ಯದ ಇಡೀ ಬದುಕು ನಡೆಯುತ್ತದೆ.

ಆಮೇಲೆ ಎಲ್ಲವೂ ನಿಂತುಹೋಯಿತು. ತಿಂಗಳುಗಟ್ಟಲೆ ಹೃದಯಗಳು ಹಸಿರಾಗಿಯೇ ಇದ್ದವು, ಒಂದೂ ಜರೀಗಿಡ ಬರಲಿಲ್ಲ. ಕಾರಣ ನನ್ನ ನೀರುಣಿಸುವ ಕ್ರಮ. ಎಳೆಯವು ಅಲುಗಬಾರದೆಂದು ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದಲೇ ಹೀರಿಸುತ್ತಿದ್ದೆ. ಜರೀಗಿಡದ ಪುರುಷಾಣುಗಳು ಈಜಿಕೊಂಡೇ ಅಂಡ ತಲುಪಬೇಕು. ತೇವ ಸಾಲದು, ನೀರಿನ ಪೊರೆಯೇ ಬೇಕು. ಕುದಿಸಿ ಆರಿಸಿದ ನೀರನ್ನು ಎರಡು ದಿನಕ್ಕೊಮ್ಮೆ, ಹಾಳೆಗಳ ಅಡಿಗೂ ಇಳಿಯುವಷ್ಟು ಸಿಂಪಡಿಸತೊಡಗಿದೆ.

ಐದನೆಯ ವಾರ ಒಂದು ಹೃದಯದ ಕಚ್ಚಿನಡಿಯಿಂದ ಎಳೆಯ ಎಲೆಯೊಂದು ತಲೆಯೆತ್ತಿತು. ಅದು ಬೇರೂರುವವರೆಗೂ ಆಹಾರ ಕೊಟ್ಟ ಹಸಿರು ಹಾಳೆ, ಮೂರನೆಯ ಎಲೆ ಬಿಚ್ಚುವ ಹೊತ್ತಿಗೆ ಅಂಚಿನಿಂದ ಕಂದಾಗಿ ಬಾಡುತ್ತಿತ್ತು.